ನೀಲಾ ಬೇಡವೆಂದ ಕಲಮು

ಬ್ಯಾಡಗಿ
ಗುರುವಾರ, ೯ ಫೆಬ್ರವರಿ ೧೯೯೫

ಚಿ. ಸೌ. ನೀಲಗಂಗಾಳಿಗೆ,

ನಿನ್ನ ಹಿಂದಿನ ಮನೆಯ ಅತ್ತೆ ಮುತ್ತವ್ವನ ತುಂಬುಮನಸ್ಸಿನ ಹರಕೆ. ಮೊದಲು ಬರೀ ‘ಚಿ.’ ಅಂತ ಬರೆದಿದ್ದೆ. ನನ್ನ ಮಗ ಅಂದಾನಿ ತೀರಿಹೋದಮೇಲೆ ಮೂರು ವರ್ಷ ಹಾಗೆಯೇ ಬರೆದು ರೂಢಿ. ಆಮೇಲೆ ನೆನಪಾಗಿ ಪಕ್ಕದಲ್ಲಿ ‘ಸೌ.’ ಸೇರಿಸಿದೆ. ಇಕ್ಕಟ್ಟಾಗಿ ಕೂತಿದೆ, ಆದರೂ ಕೂತಿದೆ. ನೋಡಿ ನಗಬೇಡ.

ಈ ಕಾಗದವನ್ನು ಉಚ್ಚಂಗೆವ್ವನ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವವಳು, ನಿನಗೆ ಗೊತ್ತಿರುವವಳೇ. ನಿಮ್ಮ ಹಾವೇರಿಯಲ್ಲೇ ಇರುವ ಮಗಳ ಮನೆಗೆ ಸಂಜೆ ಬಸ್ಸಿಗೆ ಹೊರಟಿದ್ದಾಳೆ. ನಾನೇ ಬರಬಹುದಿತ್ತು. ಆದರೆ ನಿನ್ನ ಸೋದರತ್ತೆ ದೇವವ್ವ ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, “ಬೀಗತ್ತಿ, ಸಿಟ್ಟಾಗಬ್ಯಾಡ್ರಿ. ಉಡಿಕಿ ಆಗಿ ಎರಡನೇ ಗಂಡನ ಮನಿಗೆ ಹೊಂಟಾಕಿ ಅದಾಳ. ವಿಮಾನ ಹತ್ತೂತನಕಾ ಹಿಂದಿನ ಮನಿಯವರು ಹೊಸ್ತಲಾ ತುಳೀಬಾರದು” ಅಂದಳು. “ಆಗಲೆವ್ವಾ, ವಿಮಾನಕ್ಕೂ ಹೊಸ್ತಲಾ ಇದ್ರ ಹೇಳಿ ಕಳಸು, ಅದನ್ನೂ ದೂರದಿಂದ ನೋಡತೇನಿ” ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನೀನು ಮಾತ್ರ ಸೆರಗು ಬಾಯಿಗೆ ಇಟ್ಟುಕೊಂಡೆ.

ಈಗ ವಿಷಯ ಬರೆಯುತ್ತೇನೆ. ಸೋಮವಾರ ಹಾಲೇಶಪ್ಪನ ಆಫೀಸಿನಲ್ಲಿ ನಡೆದದ್ದು ಅಂದಿನಿಂದ ನನ್ನ ತಲೆಯಲ್ಲೇ ಇದೆ. ಪರದೇಶಕ್ಕೆ ಹೋಗುವವರ ಕಾಗದಪತ್ರ ಮಾಡಿಕೊಡುವ ಆ ಮನುಷ್ಯ ನನ್ನನ್ನು ಕರೆಸಿದ್ದೇ ಅಂದಾನಿಯ ಮರಣದ ದಾಖಲೆಗೆ. ಅದಿಲ್ಲದೆ ಈ ಮದುವೆಯ ಮೇಲೆ ವೀಸಾ ಸಿಗುವುದಿಲ್ಲ ಅಂದಿದ್ದ. ಚೀಲದಿಂದ ತೆಗೆದೆ, ಆದರೆ ಕೈ ಬಿಡಲು ಒಪ್ಪಲಿಲ್ಲ. ಆಗ ನೀನೇ ಎದ್ದು ಬಂದು, ಬಾಣಂತಿಯ ಕೈಯಿಂದ ಕೂಸು ಇಸಿದುಕೊಂಡ ಹಾಗೆ ಎರಡೂ ಕೈಯಿಂದ ಅದನ್ನು ಇಸಿದುಕೊಂಡು ಅವನ ಮೇಜಿನ ಮೇಲಿಟ್ಟೆ.

ಆಮೇಲೆ ಅವನು ವಿಮೆಯ ಮಾತು ತೆಗೆದ. “ನೋಡ್ರಿ ತಂಗಿ, ಮಸ್ಕತ್ತಿನಾಗ ನಿಮ್ಮ ಯಜಮಾನರ ಕಂಪನಿ ವಿಮಾದಾಗ ಹೆಂಡತಿಗೆ ಅರ್ಧಾನ ಬರತೈತಿ. ಉಳಿದದ್ದಕ್ಕ ಅದರ ಮ್ಯಾಲ ಇನ್ನೊಂದು ವಿಮಾ ಇಲ್ಲಿಂದ ಹೋಗೂ ಮೊದಲ ಮಾಡಿಸಬೇಕು” ಎಂದು ಒಂದೊಂದೇ ಕಲಮು ಓದಿದ. ಆಪರೇಶನ್, ಕಣ್ಣು, ಹಲ್ಲು. ದೇವವ್ವ ನಡುವೆ ಬಾಯಿ ಹಾಕಿ, “ಹಲ್ಲಿಗೂ ವಿಮಾ ಐತೇನ? ಹಂಗಾರ ನನ್ನನ್ನೂ ಕರಕೊಂಡ ಹೋಗವಾ ನೀಲಾ, ಇನ್ನೂ ಎರಡು ಉಳದಾವ” ಅಂದಾಗ ಎಲ್ಲರೂ ನಕ್ಕೆವು. ಆ ನಗು ಮುಗಿಯುವುದರೊಳಗೆ ಹೆರಿಗೆಯ ಕಲಮು ಬಂತು.

“ಹಿಂದ ಹೆರಿಗಿ ಏನರ ಆಗಿತ್ತೇನ್ರಿ?” ಅಂತ ಅವನು ಕೇಳಿದ. ನೀನು ಬಾಯಿ ತೆರೆಯುವ ಮೊದಲೇ ದೇವವ್ವ, “ಇಲ್ಲರೀ, ಏನೂ ಇಲ್ಲ” ಅಂದಳು. ನೀನು ನೆಲ ನೋಡುತ್ತ, “ಆ ಕಲಮು ಬಿಟ್ಟಬಿಡ್ರಿ, ನನಗ ಬ್ಯಾಡ” ಅಂದೆ. ಹಾಲೇಶಪ್ಪ ಪೆನ್ನು ಎತ್ತಿಕೊಂಡು ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಹೊರಗೆ ಬಂದಮೇಲೆ ಚೀಲ ಮರೆತೆ ಅಂತ ಹೇಳಿ ನಾನು ಮತ್ತೆ ಒಳಗೆ ಹೋದೆನಲ್ಲ, ಚೀಲ ನನ್ನ ಕಂಕುಳಲ್ಲೇ ಇತ್ತು. ಆ ಕಲಮು ಬಿಟ್ಟರೆ ಏನಾಗುತ್ತದೆ ಅಂತ ಅವನನ್ನು ಕೇಳಿದೆ. “ಅಕ್ಕಾರ, ಇದ್ದದ್ದು ಇದ್ದಾಂಗ ಹೇಳಿದ್ರ ಕಂತು ಸ್ವಲ್ಪ ಏರತೈತಿ, ಅಷ್ಟ. ಮುಚ್ಚಿಟ್ರ ನಾಳೆ ದವಾಖಾನ್ಯಾಗ ಮಲಗಿದಾಗ ಕೈ ಎತ್ತತಾರ. ಈಗ ಬ್ಯಾಡಂದ್ರ, ಅಲ್ಲಿ ಹೋದಮ್ಯಾಲ ಸೇರಸಾಕ ಬರೂದಿಲ್ಲ. ಶನಿವಾರ ಕಾಗದ ಮುಂಬೈಗೆ ಹೊಕ್ಕಾವ, ಅಲ್ಲಿಂದ ಯಜಮಾನರ ಸಹಿಗೆ ಮಸ್ಕತ್ತಿಗೆ” ಅಂದ.

ಬಸ್ಸಿನಲ್ಲಿ ಮೋಟೆಬೆನ್ನೂರಿನ ತನಕ ನಾನು ಹೆಮ್ಮೆಯಲ್ಲಿಯೇ ಬಂದೆ. ಸತ್ತವನ ತಾಯಿಯ ಎದುರಿಗೆ ಇನ್ನೊಬ್ಬನ ಕೂಸಿನ ಮಾತು ಆಡಬಾರದು ಅಂತ ನೀನು ಬೇಡ ಅಂದೆ, ಎಷ್ಟು ಮರ್ಯಾದೆಯ ಹುಡುಗಿ ಅಂದುಕೊಂಡೆ. ಅಲ್ಲಿ ಬಸ್ಸು ನಿಂತಿತು. ಒಬ್ಬಳು ಎಳೆಗೂಸು ಎತ್ತಿಕೊಂಡು ಹತ್ತಿ ನನ್ನ ಪಕ್ಕದಲ್ಲಿ ಕೂತಳು. ಆಗ ಹೊಳೆಯಿತು. ನೀನು ಸಂಕೋಚದವಳಲ್ಲ ನೀಲಾ. ನನ್ನ ಎದುರಿಗೇ ಅಂದಾನಿಗೆ ಸೊಟ್ಟ ಮೂತಿ ಮಾಡಿ ತೋರಿಸಿದವಳು. ನಿನಗೆ ಅಂಜಿಕೆ. ಆ ಕಾಗದದಲ್ಲಿ ‘ಹೌದು’ ಅಂತ ಬರೆದರೆ ಅದು ಸಹಿಗೆ ನಿನ್ನ ಗಂಡ ನಿಜಲಿಂಗಪ್ಪನ ಕೈಗೆ ಹೋಗುತ್ತದೆ. ಏಳು ತಿಂಗಳಿಗೇ ಹುಟ್ಟಿ, ಅಳದೇ ಹೋದ ನಮ್ಮ ಕೂಸಿನ ವಿಷಯ ಅವನು ಓದುತ್ತಾನೆ. ‘ಹೊಟ್ಟಿ ನಿಲ್ಲದಾಕಿ’ ಅಂದಾರು ಅಂತ ದೇವವ್ವ ಇದನ್ನು ಐರಣಿಯ ಹೊಸ ಬೀಗರಿಗೆ ತಿಳಿಸಿಲ್ಲ. ನಿನ್ನ ಬಾಯಿಗೂ ಬೀಗ ಹಾಕಿದ್ದಾಳೆ. ಹೌದೋ ಅಲ್ಲವೋ?

ಅವಳನ್ನು ಬೈಯಬೇಡ. ನಿನಗೆ ಇನ್ನೊಂದು ಮನೆ ಸಿಗಲಿ ಅಂತಲೇ ಮಾಡಿದ್ದಾಳೆ. ಆದರೆ ಡಾಕ್ಟರಮ್ಮ ಅಂದು ನಿನ್ನ ಹಾಸಿಗೆಯ ಹತ್ತಿರ ನಿಂತು ಹೇಳಿದ್ದನ್ನು ನಾವಿಬ್ಬರೂ ಕೇಳಿದ್ದೇವೆ. ಮುಂದಿನ ಸಲ ಮೊದಲ ತಿಂಗಳಿನಿಂದಲೇ ದೊಡ್ಡ ದವಾಖಾನೆಯಲ್ಲಿ ತೋರಿಸಬೇಕು, ಇಲ್ಲದಿದ್ದರೆ ಕೂಸಿಗಷ್ಟೇ ಅಲ್ಲ, ತಾಯಿಗೂ ಕಷ್ಟ ಅಂದಿದ್ದಳು. ನಿನ್ನನ್ನು ನಾನು ಬಲ್ಲೆ. ವಿಮೆ ಇಲ್ಲ ಅಂದರೆ, ಮುಂದಿನ ವಾರ ತೋರಿಸೋಣ, ಈಗ ಆರಾಮ ಇದ್ದೇನೆ ಅಂತ ದಿನ ದೂಡುತ್ತೀ. ಅಲ್ಲಿ ನಿನ್ನ ಹೊಟ್ಟೆ ಮುಟ್ಟಿ ನೋಡಿ, ಏಳು ನಡಿ ದವಾಖಾನೆಗೆ ಅನ್ನಲು ನಾನಿರುವುದಿಲ್ಲ.

ಇನ್ನೊಂದು ಮಾತೂ ಬರೆದುಬಿಡುತ್ತೇನೆ. ಮುಂದೆ ನಿನಗೆ ಹುಟ್ಟುವ ಕೂಸು ನನ್ನ ಮಗನದಾಗಿರುವುದಿಲ್ಲ. ಅವನ ಮೂಗಾಗಲಿ ಅವನ ಮೊಂಡುತನವಾಗಲಿ ಅದಕ್ಕೆ ಬರುವುದಿಲ್ಲ. ದಿನಾ ನಾಲ್ಕು ಸಾಲಾದರೂ ಬರೆಯುವ ನನ್ನ ವಹಿಯಲ್ಲಿ ಸೋಮವಾರ ‘ಹಾವೇರಿಗೆ ಹೋಗಿ ಬಂದೆ’ ಅಂತ ಮಾತ್ರ ಬರೆದು ದೀಪ ಆರಿಸಿದೆ. ದುಃಖವಾಗಲಿಲ್ಲ ಅಂದರೆ ನೀನು ನಂಬುವುದಿಲ್ಲ, ಅದಕ್ಕೇ ಅನ್ನುವುದಿಲ್ಲ. ಆದರೂ ನಿನಗೆ ಕೂಸಾಗಲಿ ಅಂತಲೇ ನನ್ನ ಆಸೆ. ಈ ಎರಡೂ ಒಂದೇ ಎದೆಯಲ್ಲಿ ಇವೆ. ಒಂದಕ್ಕೊಂದು ಜಗಳವಾಡುವುದನ್ನು ಈಗೀಗ ಬಿಟ್ಟಿವೆ.

ನಾಳೆ ಶುಕ್ರವಾರ. ನಿಜಲಿಂಗಪ್ಪನಿಗೆ ರಜೆ. ರಾತ್ರಿ ನಿಮ್ಮ ಓಣಿಯ ಕಿರಾಣಿ ಅಂಗಡಿಗೆ ಫೋನು ಮಾಡುತ್ತಾನಲ್ಲ, ಆಗ ನೀನೇ ಹೇಳು. ದೇವವ್ವನನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳಬೇಡ. ಮೊದಲು ಊಟವಾಯಿತೇ ಅಂತ ಕೇಳು, ಹಸಿದ ಗಂಡಸಿಗೆ ಯಾವ ಮಾತೂ ಹೇಳಬಾರದು. ಅವನು ಏನೆನ್ನುತ್ತಾನೋ ನನಗೇನು ಗೊತ್ತು? ಹೆಂಡತಿ ಸತ್ತು ಒಂಟಿಯಾಗಿ ದಿನ ಕಳೆದವನು, ಕಲ್ಲೆದೆಯವನಂತೂ ಅಲ್ಲ ಅನ್ನಿಸುತ್ತದೆ. ಆಮೇಲೆ ಶನಿವಾರ ಬೆಳಿಗ್ಗೆ ಹಾಲೇಶಪ್ಪನಲ್ಲಿಗೆ ಹೋಗಿ ಆ ಕಲಮಿಗೆ ನಿನ್ನ ಕೈಯಿಂದಲೇ ‘ಬೇಕು’ ಅಂತ ಬರೆ. ಇದ್ದದ್ದನ್ನು ಇದ್ದ ಹಾಗೆ ಹೇಳು.

ಉಚ್ಚಂಗೆವ್ವನ ಹತ್ತಿರ ಖಾರಪುಡಿ ಕೊಟ್ಟಿದ್ದೇನೆ. ಮಸ್ಕತ್ತಿನಲ್ಲೂ ಬ್ಯಾಡಗಿ ಮೆಣಸಿನಕಾಯಿ ಸಿಗುತ್ತದಂತೆ. ಸಿಗಲಿ, ಅದರ ತೊಟ್ಟು ತೆಗೆದವಳು ನಾನಲ್ಲವಲ್ಲ.

ನಿನ್ನ ಕ್ಷೇಮವನ್ನೇ ಬೇಡುವ,
ಮುತ್ತವ್ವ

ತಾ.ಕ.: ಉಚ್ಚಂಗೆವ್ವ ಬಾಗಿಲಲ್ಲಿ ನಿಂತು, “ಎವ್ವಾ, ಬಸ್ ಹೋಗತೈತಿ, ಪುರಾಣ ಬರಿಯಾಕತ್ತೀಯೇನ?” ಅಂತಿದ್ದಾಳೆ. ಇದನ್ನು ಬರೆಯದೆ ಕೊಡಲಾರೆ. ನೀನು ನಾಳೆ ರಾತ್ರಿಯ ತನಕ ನಡುಗುವುದು ನನಗೆ ಬೇಡ. ನಿಜಲಿಂಗಪ್ಪನಿಗೆ ಎಲ್ಲಾ ಗೊತ್ತು. ಉಡಿಕೆಗೆ ಮುಂಚೆ ಒಬ್ಬನೇ ನನ್ನ ಮನೆಗೆ ಬಂದಿದ್ದ. ನೀರು ಕುಡಿದು, “ಆಕಿಗೆ ಎದರ ಅಂಜಿಕಿ ಐತ್ರಿ? ನಗತಾ ನಗತಾ ನಡುವ ನಿಂತಬಿಡ್ತಾಳ” ಅಂತ ಕೇಳಿದ. ಹೇಳಿಬಿಟ್ಟೆ. “ಆಕಿ ತಾನ ಹೇಳೂತನಕಾ ನನಗ ಗೊತ್ತಿಲ್ಲ ಅಂತ ಇರಲಿ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಆ ಮಾತು ಈಗ ಮುರಿದೆ. ಹೊರಡುವ ಮುಂಚೆ, ಕೂಸನ್ನು ಮಣ್ಣು ಮಾಡಿದ ಜಾಗ ತೋರಿಸ್ರಿ ಅಂದ. ಕರೆದುಕೊಂಡು ಹೋದೆ. ಚಪ್ಪಲಿ ಬಿಟ್ಟು ನಿಂತ. ಗಂಡೋ ಹೆಣ್ಣೋ ಅಂತ ಕೇಳಿದ. ಹೆಣ್ಣು ಅಂದೆ. “ಹಂಗಾರ ಇನ್ನ ಮ್ಯಾಲ ನಮಗ ಹುಟ್ಟೂದು ಎರಡನೇದು ಅಂತ ಎಣಸಬೇಕ್ರಿ” ಅಂದ.