ಮತಪೆಟ್ಟಿಗೆಯೊಳಗಿನ ಚಾಳೀಸು

ಮನೆಯಿಂದ,
ಭಾನುವಾರ ಸಂಜೆ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಹೊಲಿಗೆ ಬಿಚ್ಚಿದರೆಂದು ಅಕ್ಕ ಹೇಳಿದಳು. ಆದರೆ ಅವಳು ವ್ಯಾಯಾಮ ಮಾಡಿಸಲು ಬಂದರೆ ಸಾಕು, ನೀವು ಕಣ್ಣು ಮುಚ್ಚಿ ಗೊರಕೆ ಶುರು ಮಾಡುತ್ತೀರಂತೆ. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆಯ ನಾಟಕ ಆಡುವವರನ್ನು ಎಬ್ಬಿಸಲಾಗದು ಎಂದು ನಮಗೆ ಕಲಿಸಿದವರೇ ನೀವು. ಅಕ್ಕನನ್ನು ಸತಾಯಿಸಬೇಡಿ. ಇಲ್ಲಿ ಎಲ್ಲರೂ ಸೌಖ್ಯ. ನಿಮ್ಮ ಗಿಡಗಳಿಗೆ ನಿಮ್ಮ ಅಳಿಯನೇ ನೀರು ಹಾಕುತ್ತಿದ್ದಾರೆ, ಪಾಪ, ಗಿಡಗಳೂ ಹೇಗೋ ಸಹಿಸಿಕೊಂಡಿವೆ. ಈಗ ಹೇಳಲಿರುವ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಒಬ್ಬರ ಹೆಸರೆತ್ತಿದ ಕೂಡಲೇ ನೀವು ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಕೋಪ ಬಂದರೆ ಮಡಚಿ ದಿಂಬಿನಡಿ ಇಡಿ, ಇಳಿದ ಮೇಲೆ ಮತ್ತೆ ತೆಗೆದು ಓದಿ.

ಈ ಸಲದ ವಾರ್ಡ್ ಚುನಾವಣೆಗೆ ನಮ್ಮ ಲೈಬ್ರರಿಯಿಂದ ನನ್ನನ್ನೇ ಡ್ಯೂಟಿಗೆ ಹಾಕಿದ್ದರು, ಜನ ಸಾಲದೆ ನಮ್ಮ ವಾರ್ಡಿಗೇ. ಒಂದನೇ ತರಗತಿಯ ಕೋಣೆಯೇ ಮತಗಟ್ಟೆ. ಬೆಂಚುಗಳು ಎಷ್ಟು ಗಿಡ್ಡವೆಂದರೆ ನಮ್ಮ ಮತಗಟ್ಟೆ ಅಧಿಕಾರಿ ಕೂತಾಗ ಅವರ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ಮಹಾ ಪುಕ್ಕಲು. ಪೆನ್ನು ಕೆಳಗೆ ಬಿದ್ದರೂ ಬೆವರು ಒರೆಸಿಕೊಳ್ಳುತ್ತಿದ್ದರು. ಬಂದವರ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಗಟ್ಟಿಯಾಗಿ ಓದುವುದು ನನ್ನ ಕೆಲಸ. ಅಭ್ಯರ್ಥಿಗಳ ಏಜೆಂಟರು ಅದನ್ನು ಕೇಳಿ ತಮ್ಮ ಕೈಯಲ್ಲಿರುವ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಏಜೆಂಟರು ಇಬ್ಬರೇ. ಒಬ್ಬರು ಮೂಲೆಮನೆಯ ವಕೀಲರು. ಇನ್ನೊಬ್ಬರು, ಸಿಟ್ಟಾಗಬೇಡಿ, ಟೈಲರ್ ಮಾವ. ಈ ಸಲ ಚುನಾವಣೆಗೆ ನಿಂತದ್ದು ಅವರ ಹೆಂಡತಿ, ಅಂಗಡಿಯ ಅಂಗಿಗಳಿಗೆಲ್ಲ ಕಾಜಾ ಹೊಲಿಯುವ ನಮ್ಮ ಕಾಜಾ ಅತ್ತೆ.

ಹೋದ ಚುನಾವಣೆಯಲ್ಲಿ ಮಾವನೇ ನಿಂತಿದ್ದಾಗ ನೀವು ‘ಸ್ನೇಹ ಬೇರೆ, ಓಟು ಬೇರೆ’ ಎಂದು ಬೀದಿಯಲ್ಲೇ ನಿಂತು ಎದುರಾಳಿಯ ಪರ ಮಾತಾಡಿದ್ದು, ಮಾವ ಸೋತದ್ದು, ಆಮೇಲೆ ಒಂದೇ ಪೇಪರನ್ನು ಹಂಚಿಕೊಂಡು ಓದುತ್ತಿದ್ದ ಇಬ್ಬರೂ ಎಣ್ಣೆ ಸೀಗೆಕಾಯಿ ಆದದ್ದು ಬೀದಿಗೆಲ್ಲ ಗೊತ್ತು. ಅವರನ್ನು ಅಲ್ಲಿ ಕಂಡು ನನಗೂ ಇರುಸುಮುರುಸಾಯಿತು. ನಮಸ್ಕಾರ ಮಾಡಿದೆ. ಅವರು ಕಿಟಕಿಯ ಕಡೆ ನೋಡಿದರು.

ಮತದಾನ ಶುರುವಾಗುವ ಮುಂಚೆ ಖಾಲಿ ಪೆಟ್ಟಿಗೆಯನ್ನು ಏಜೆಂಟರಿಗೆ ತೋರಿಸಬೇಕು. ತೋರಿಸಿದೆವು. ಇಬ್ಬರೂ ಇಣುಕಿ ನೋಡಿ ಸರಿ ಎಂದರು. ಅಷ್ಟಕ್ಕೇ ಮುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ತಳದಲ್ಲಿ ಧೂಳು ಕಂಡಿತು, ನಿಮ್ಮ ಮಗಳಲ್ಲವೇ, ಕೈ ಸುಮ್ಮನಿರಲಿಲ್ಲ. ಬಗ್ಗಿ ಬಟ್ಟೆಯಿಂದ ಒಂದು ಸಲ ಒರೆಸಿದೆ. ಅದೇ ಹೊತ್ತಿಗೆ ಜವಾನ ಕರಕರನೆ ಬೆಂಚು ಎಳೆಯುತ್ತಿದ್ದ. ಮುಚ್ಚಳ ಹಾಕಿದರು, ಅರಗು ಕರಗಿಸಿ ಮೊಹರು ಒತ್ತಿದರು. ನಾನು ಬಂದು ಪಟ್ಟಿಯ ಮುಂದೆ ಕೂತು ತಲೆಯ ಮೇಲಿದ್ದ ಚಾಳೀಸಿಗೆ ಕೈಹಾಕಿದರೆ ಅದು ಅಲ್ಲಿರಲಿಲ್ಲ. ಚೀಲದಲ್ಲಿ, ಮೇಜಿನ ಕೆಳಗೆ, ಎಲ್ಲ ಕಡೆ ಹುಡುಕಿದೆ. ಬಾಗಿಲಲ್ಲಿ ಆಗಲೇ ಜನ ನಿಂತಿದ್ದರು. ಕಣ್ಣು ಕಿರಿದು ಮಾಡಿ, ಪಟ್ಟಿಯನ್ನು ಕೈಯುದ್ದಕ್ಕೆ ಹಿಡಿದು ಮೊದಲ ನಾಲ್ಕಾರು ಹೆಸರನ್ನು ಹೇಗೋ ಓದಿದೆ.

ಆಮೇಲೆ ಬೆಳಕು ಸಾಲದೆಂದು ಅಧಿಕಾರಿ ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಸರಿಸಲು ಹೇಳಿದರು. ಜವಾನ ಎತ್ತಿದ. ಒಳಗೆ ಖಡಖಡ ಸದ್ದಾಯಿತು.

ಅಪ್ಪಾ, ಓದುತ್ತಿದ್ದ ಹೆಸರನ್ನು ಅರ್ಧಕ್ಕೇ ಬಿಟ್ಟೆ. ಚಾಳೀಸು ಎಲ್ಲಿದೆಯೆಂದು ಆಗ ಹೊಳೆಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಕೇಳಿ ನಗುತ್ತಿದ್ದೆ, ನನ್ನ ಕೂಸು ಮೊಹರು ಒತ್ತಿದ ಪೆಟ್ಟಿಗೆಯೊಳಗೆ ಇತ್ತು. ವಕೀಲರು ಎದ್ದು ನಿಂತರು. ‘ಖಾಲಿ ಪೆಟ್ಟಿಗೇಲಿ ಸದ್ದು ಹೇಗೆ ಬರುತ್ತೆ? ನಾವು ನೋಡಿದ ಮೇಲೆ ಕೈ ಹಾಕಿದ್ದು ಇವರೇ. ಮತದಾನ ನಿಲ್ಸಿ’ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮೊಹರು ಒಡೆದರೆ ಹಾಕಿದ ಓಟೆಲ್ಲ ರದ್ದು. ನಿಲ್ಲಿಸಿದರೆ ನನ್ನ ಮೇಲೆ ವಿಚಾರಣೆ, ಕೆಲಸಕ್ಕೇ ಸಂಚಕಾರ. ನಾನು ಕನ್ನಡಕದ ವಿಷಯ ಹೇಳಿದೆ. ನನ್ನ ಕಿವಿಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಅಧಿಕಾರಿಯ ಕರವಸ್ತ್ರ ಹಿಂಡಿದರೆ ಒಂದು ಲೋಟ ನೀರು ಬರುತ್ತಿತ್ತು.

ಆಗ ಟೈಲರ್ ಮಾವ ಕೂತಲ್ಲಿಂದಲೇ ಬಾಯಿ ಬಿಟ್ಟರು. ‘ಇವಳಪ್ಪನಿಗೂ ನಂಗೂ ಮಾತಿಲ್ಲ, ಅದು ಎಲ್ರಿಗೂ ಗೊತ್ತು. ಇವಳ ಪರ ಮಾತಾಡೋಕೆ ನಂಗೇನು ದರ್ದು? ಆದ್ರೆ ಆ ಮನೆಯೋರ ತಲೆ ನಂಗೆ ಗೊತ್ತು. ಇವಳಪ್ಪ ಕನ್ನಡಕ ತಲೆ ಮೇಲಿಟ್ಕೊಂಡು ನನ್ನ ಮಿಷನ್ ಕೆಳಗೆಲ್ಲ ತಡಕಾಡಿದೋನು. ಬೆಳಿಗ್ಗೆ ಬಂದಾಗ ಇವಳ ತಲೆ ಮೇಲೂ ಇತ್ತು, ನಾನೇ ನೋಡಿದೀನಿ. ಈಗ ಇಲ್ಲ. ಇನ್ನೆಲ್ಲಿಗೆ ಹೋಗುತ್ತೆ?’ ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. ವಕೀಲರಿಗೂ ನಗು ಬಂತು. ನಡೆದದ್ದನ್ನು ಅಧಿಕಾರಿ ಬರೆದುಕೊಂಡರು, ಇಬ್ಬರು ಏಜೆಂಟರೂ ಸಹಿ ಹಾಕಿದರು, ಮತದಾನ ಮುಂದುವರಿಯಿತು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟೇ ಅಲ್ಲ. ನಾನು ಮತ್ತೆ ಪಟ್ಟಿಯನ್ನು ಕೈಯುದ್ದಕ್ಕೆ ಹಿಡಿದದ್ದನ್ನು ನೋಡಿ ಮಾವ ಎದ್ದು ಬಂದು ತಮ್ಮ ಚಾಳೀಸನ್ನು ನನ್ನ ಮುಂದಿಟ್ಟರು. ಅದರ ಕಡ್ಡಿಗೆ ಕಪ್ಪು ದಾರ ಸುತ್ತಿತ್ತು. ‘ಕನ್ನಡಕ ಇಲ್ದೆ ನಿಮ್ಮ ಪಟ್ಟಿ ಹೇಗೆ ನೋಡ್ತೀರಿ?’ ಎಂದು ವಕೀಲರು ಕೇಳಿದರು. ‘ನೋಡೋದ್ಯಾಕೆ, ಅವಳು ಸುಳ್ಳು ಓದಲ್ಲ’ ಎಂದು ಹೇಳಿ ಮಾವ ಹೋಗಿ ಕೂತರು. ಸಂಜೆಯವರೆಗೂ ಅವರ ಪಟ್ಟಿ ಮಡಿಲಲ್ಲಿ ಹಾಗೇ ಇತ್ತು. ಹೆಂಡತಿಯೇ ನಿಂತ ಚುನಾವಣೆ, ಅಪ್ಪಾ. ತಪ್ಪಾಗಬಾರದೆಂದು ಒಂದೆರಡು ಹೆಸರುಗಳನ್ನು ಎರಡೆರಡು ಸಲ ಓದಿದೆ. ಆ ಕನ್ನಡಕದಲ್ಲಿ ಬೀದಿಯವರನ್ನೆಲ್ಲ ನೋಡಿದೆ. ಬ್ರೆಡ್ ಅಂಗಡಿಯವನು ಹಿಟ್ಟಿನ ಕೈಯಲ್ಲೇ ಬಂದು, ಶಾಯಿ ಹಚ್ಚುವ ಮೊದಲು ಬೆರಳನ್ನು ಅಂಗಿಗೆ ಒರೆಸಿಕೊಂಡ. ಎದುರುಮನೆಯ ಅಜ್ಜಿ ತಾನು ಯಾರಿಗೆ ಹಾಕುತ್ತೇನೆಂದು ಇಡೀ ಕೋಣೆಗೆ ಹೇಳಿ, ಆಮೇಲೆ ಯಾರಿಗೂ ಹೇಳಬೇಡಿ ಎಂದರು. ಎಲ್ಲರ ಮೇಲೂ ನನಗೆ ಅಕ್ಕರೆ ಉಕ್ಕುತ್ತಿತ್ತು.

ಎಣಿಕೆಯ ದಿನ ಕನ್ನಡಕದ ಗುರುತು ಹೇಳಲು ನನ್ನನ್ನೂ ಕರೆಸಿದ್ದರು. ಪೆಟ್ಟಿಗೆ ಬೋರಲು ಹಾಕಿದಾಗ ಓಟುಗಳ ಜೊತೆ ನನ್ನ ಚಾಳೀಸೂ ಬಿತ್ತು. ಒಂದು ಕಡ್ಡಿ ಮುರಿದಿತ್ತು. ಕಾಜಾ ಅತ್ತೆ ಒಂಬತ್ತು ಓಟಿನಿಂದ ಸೋತರು. ಅವರ ಕಡೆಯ ಹುಡುಗರು ಮಾವನನ್ನು ಸುತ್ತುವರಿದು, ಆ ಪೆಟ್ಟಿಗೆಯ ಮೇಲೆ ದೂರು ಕೊಟ್ಟರೆ ಮರುಮತದಾನ ಖಂಡಿತ, ಬರೆದುಕೊಡಿ ಎಂದು ದುಂಬಾಲು ಬಿದ್ದರು. ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಬೇಡವೆಂದು ತಲೆಯಾಡಿಸಿದರು. ‘ಕನ್ನಡಕ ಓಟು ಹಾಕಲ್ಲ ಕಣ್ರೋ, ಸೋತಿದೀವಿ, ನಡೀರಿ ಮನೆಗೆ’ ಎಂದು ಹೇಳಿ ಮಾವ ಅತ್ತೆಯ ಚೀಲ ಹಿಡಿದುಕೊಂಡು ಹೊರಟರು. ನನ್ನ ಕೆಲಸ ಉಳಿದದ್ದು ಅವರಿಬ್ಬರಿಂದ. ಈ ಋಣ ನನ್ನೊಬ್ಬಳಿಂದ ತೀರುವಂಥದ್ದಲ್ಲ, ಅದಕ್ಕೇ ನಿಮಗೆ ಬರೆದೆ.

ಅಕ್ಕ ಭಾವನಿಗೆ ನನ್ನ ನೆನಪು ಹೇಳಿ. ಕಾಲು ಮಡಚಿ, ಬಿಡಿಸಿ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ, ಕನ್ನಡಕಕ್ಕೆ ಇನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇನೆ.

ನಿಮ್ಮ ಚಿಕ್ಕವಳು

ಮತ್ತೊಂದು ಮಾತು, ಅವಸರದಲ್ಲಿ: ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಬರೆದು ಮುಗಿಸಿ ಟೈಲರ್ ಮಾವನ ಅಂಗಡಿಗೆ ಹೋಗಿದ್ದೆ. ಅಪ್ಪನಿಗೆ ಎಲ್ಲ ಬರೆದಿದ್ದೇನೆ ಎಂದೆ. ಅವರು ಹೊಲಿಗೆಯಿಂದ ತಲೆ ಎತ್ತದೆ, ‘ಇಲ್ಲಿ ಕೊಡು. ನಾಳೆ ಬೆಳಗಿನ ಬಸ್ಸಿಗೆ ನಾನೇ ಹೋಗಿ ನಿಮ್ಮಕ್ಕನ ಕೈಗೆ ಕೊಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಿರ್ತೀನಿ. ಅವನು ಓದಿ ಕರೆದ್ರೆ ಒಳಗೆ ಹೋಗ್ತೀನಿ. ಇಲ್ಲಾಂದ್ರೆ ಮಧ್ಯಾಹ್ನ ವಾಪಸ್ ಬಸ್ಸಿದೆ’ ಎಂದರು. ತಂದವರು ಯಾರೆಂದು ಹೇಳಬೇಡವೆಂದು ಅಕ್ಕನಿಗೆ ಫೋನು ಮಾಡಿದ್ದೇನೆ. ಇಷ್ಟುದ್ದ ಬರೆಯಬಾರದಿತ್ತು ಅಪ್ಪಾ, ನೀವು ಓದುತ್ತಿರುವಷ್ಟು ಹೊತ್ತೂ ಅವರು ಹೊರಗೆ ಕೂತಿದ್ದಾರೆ. ಕರೆಯಿರಿ.