ಬಚ್ಚಲುಮನೆಯ ಮುಂದೆ ಹಾಕಿದ ಮೇಜು

ದೇವಾಲಯದ ಹಿಂದಿನ ಕೋಣೆಯಿಂದ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಅಲ್ಲಿನ ಚಳಿಗೆ ಮತ್ತೆ ಮೂಗು ಕಟ್ಟಿದೆಯಾ? ನಾನು ಹೆಣೆದು ಕಳಿಸಿದ ಸ್ವೆಟರನ್ನು ಮಡಿಸಿಟ್ಟು ನೋಡುತ್ತಾ ಕೂರಬೇಡ, ಹಾಕಿಕೋ. ಹೊತ್ತು ಹೊತ್ತಿಗೆ ಊಟ ಮಾಡು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಆದರೆ ಈ ವಾರ ಅದರ ನೆನಪೇ ಬಂದಿಲ್ಲ. ಮೈಯೆಲ್ಲ ಉರಿಯುತ್ತಿರುವಾಗ ಮಂಡಿಯೊಂದರ ನೋವು ಯಾರಿಗೆ ಗೊತ್ತಾಗುತ್ತದೆ ಹೇಳು!

ನೀನು ನಮ್ಮ ಚರ್ಚಿನ ಸಭಾಪಾಲಕನ ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ, ಸಭೆ ಬೆಳೆಸುವುದು ಹೇಗೆಂದು ಓದಲು ಹೋದಾಗ ಭಾನುವಾರದ ಆರಾಧನೆಗೆ ಬರುತ್ತಿದ್ದವರು ಹತ್ತೊಂಬತ್ತು ಜನ. ಅದರಲ್ಲೂ ಮೂವರು ಬರುತ್ತಿದ್ದುದು ನಿದ್ದೆಗೆ. ನೀನು ಹೋದ ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಎದುರಿನ ಆಸ್ಪತ್ರೆಯಿಂದ ಒಬ್ಬ ಹೆಂಗಸು ರಸ್ತೆ ದಾಟಿ ಬಂದು, ತಲೆ ತಗ್ಗಿಸಿಕೊಂಡು, "ಅಕ್ಕಾ, ಎಂಟು ದಿನ ಆಯ್ತು ಸ್ನಾನ ಮಾಡಿ. ಅತ್ತೆ ವಾರ್ಡಲ್ಲಿದ್ದಾರೆ. ಎಲ್ಲಾದ್ರೂ ಒಂದು ಬಾಗಿಲು ಇರೋ ಜಾಗ ಇದ್ಯಾ?" ಎಂದಳು. ಆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು ನಾನು. ರೋಗಿಗಳ ಕಡೆಯವರು ಗೇಟಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ದಿನ ತಳ್ಳುವುದನ್ನು ಎಷ್ಟು ಸಲ ನೋಡಿದ್ದೆ. ನೋಡಿಯೂ ನನಗೆ ಹೊಳೆದಿರಲಿಲ್ಲವಲ್ಲ! ನಮ್ಮ ದೇವಾಲಯದ ಹಿಂದಿರುವ ಎರಡು ಬಚ್ಚಲುಮನೆಗಳಲ್ಲಿ ಮುರಿದ ಕುರ್ಚಿ ತುಂಬಿಕೊಂಡು ಕೂತಿದ್ದೆವು. ಅವತ್ತೇ ಕುರ್ಚಿಗಳನ್ನು ಆಚೆ ಎಳೆದು ಹಾಕಿ, ಸೌದೆ ಬಾಯ್ಲರಿಗೆ ಬೆಂಕಿ ಹಚ್ಚಿದೆ.

ಆಮೇಲೆ ನಾನು ಯಾರನ್ನೂ ಕರೆಯಬೇಕಾಗಿ ಬರಲಿಲ್ಲ. ನೀರು ಸೋರುತ್ತದೆ ಎಂದು ಕೊಳಾಯಿ ರಿಪೇರಿಯವನನ್ನು ಕರೆಸಿದರೆ, ಹುಟ್ಟಿದಾಗಿನಿಂದ ಯಾವ ಪ್ರಾರ್ಥನೆಗೂ ತಲೆಬಾಗದ ಆ ಒರಟ, ತಾನೇ ಮೂರನೇ ನಲ್ಲಿಯನ್ನೂ ಜೋಡಿಸಿಕೊಟ್ಟು ಹೋದ. ದರ್ಜಿಯ ಹೆಂಡತಿ ಬಟ್ಟೆ ಒಣಹಾಕಲು ಹಗ್ಗ ಕಟ್ಟಿದಳು. ಸ್ನಾನ ಮುಗಿಸಿದವರು ಒದ್ದೆ ತಲೆ ಆರಿಸಿಕೊಳ್ಳುತ್ತಾ ದೇವಾಲಯದೊಳಗೆ ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ಕೆಲವರು ಅತ್ತು ಹಗುರಾದರು, ಕೆಲವರು ಹಾಡು ಕೇಳಿದರು. ಭಾನುವಾರ ಬೆಂಚು ಸಾಲದೆ, ಆಚೆ ಹಾಕಿದ್ದ ಅವೇ ಮುರಿದ ಕುರ್ಚಿಗಳಿಗೆ ಮೊಳೆ ಹೊಡೆಸಿ ಒಳಗೆ ತಂದೆವು. ಕೊಳಾಯಿಯವನೂ ಬಂದು ಬಾಗಿಲ ಪಕ್ಕ ನಿಂತ. "ನಾನು ನಲ್ಲಿ ನೋಡೋಕೆ ಬಂದಿದ್ದು" ಎಂದು ಮೂರು ವಾರ ಸಾಧಿಸಿದ. ನಾಲ್ಕನೇ ವಾರ ಕೂತ.

ಇದನ್ನು ನೋಡಿ ನಮ್ಮ ಗಂಟಲು ಹಿರಿಯರಿಗೆ ಕೈ ತುರಿಸತೊಡಗಿತು. ಗೊತ್ತಲ್ಲ, ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಂಡು ಇಡೀ ಸಮಿತಿಯನ್ನು ಆಡಿಸುವ ಮಹಾನುಭಾವರು. ಬಚ್ಚಲುಮನೆಯ ಮುಂದೆ ಒಂದು ಮೇಜು ಹಾಕಿಸಿದರು. ಮೇಜಿನ ಮೇಲೆ ಅಚ್ಚು ಹಾಕಿಸಿದ ಚೀಟಿ. ಹೆಸರು, ಫೋನು, 'ಮೂರು ಭಾನುವಾರ ಆರಾಧನೆಗೆ ಬರುತ್ತೇನೆ' ಎಂಬ ಸಾಲು, ಅದರ ಕೆಳಗೆ ಸಹಿ. ಸಹಿ ಮಾಡಿದವರಿಗೆ ಬಿಸಿನೀರು! ನಾನು ಕೂಗಾಡಿದೆ. "ನಿಮಗಿದೆಲ್ಲ ಅರ್ಥ ಆಗಲ್ಲಮ್ಮಾ, ಇದು ವ್ಯವಸ್ಥೆ" ಎಂದರು. ಬಕೆಟ್ಟು ಹೊತ್ತವಳಿಗೆ ಅರ್ಥವಾಗದ ವ್ಯವಸ್ಥೆಯಂತೆ!

ಹೋದ ಗುರುವಾರ ಲಾರಿಯಣ್ಣ ಬಂದ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ಮೂರು ವಾರದಿಂದ ನಮ್ಮಲ್ಲೇ ಸ್ನಾನ ಮಾಡುತ್ತಿದ್ದ ಡ್ರೈವರು. ಒಳಗೆ ನೀರು ಸುರಿದುಕೊಳ್ಳುತ್ತಾ ಎಷ್ಟು ಕೆಟ್ಟದಾಗಿ ಹಾಡುತ್ತಿದ್ದನೆಂದರೆ ಹೊರಗೆ ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ದಿನಾ ಹಿರಿಯರು ಮೇಜಿಗೆ ಬರುವ ಮೊದಲೇ ಸ್ನಾನ ಮುಗಿಸಿ ಹೋಗುತ್ತಿದ್ದವನು ಅವತ್ತು ತಡವಾಗಿ ಬಂದ, ಹಾಡೂ ಇರಲಿಲ್ಲ. ಬೆಳಗಿನ ಜಾವ ಅವಳು ಹೋಗಿಬಿಟ್ಟಿದ್ದಳು. ಊರಿಗೆ ಕರೆದುಕೊಂಡು ಹೋಗುವ ಮೊದಲು ಮೈ ತೊಳೆದುಕೊಳ್ಳಲು ಬಂದಿದ್ದ. ಮೇಜಿನ ಹಿಂದೆ ಕೂತಿದ್ದ ಹಿರಿಯರು ಚೀಟಿ ಮುಂದೆ ತಳ್ಳಿದರು. "ಇನ್ನು ನಾನು ಈ ಕಡೆ ಬರಲ್ಲ ಸಾರ್. ಆಯ್ತು, ಎಲ್ಲ ಮುಗೀತು" ಎಂದ. ಹಿರಿಯರು ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ನಿಮ್ಮೂರಿನ ವಿಳಾಸ ಬರೀರಿ, ಅಲ್ಲಿನ ಸಭೆಗೆ ತಿಳಿಸ್ತೀವಿ" ಎಂದರು. ಅವನು ಅವರ ಮುಖವನ್ನೊಮ್ಮೆ ನೋಡಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ನಾನು ಸೌದೆ ಬಿಸಾಕಿ ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವನು ಆಸ್ಪತ್ರೆಯ ಗೇಟಿನ ನಲ್ಲಿಯ ಕೆಳಗೆ ತಲೆ ಕೊಟ್ಟು ಕೂತಿದ್ದ. ವಾಪಸು ಬಾ ಎಂದು ಯಾವ ಮುಖ ಇಟ್ಟುಕೊಂಡು ಕರೆಯಲಿ? ಅವನ ಅಂಗಿ, ಟವೆಲು ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಬೆನ್ನಿಗೆ ಕೈ ಎಟುಕದಿದ್ದಾಗ ನಾನೇ ಸೋಪು ಹಚ್ಚಿದೆ. ಎದ್ದು ನಿಂತವನು, "ಬಿಡಕ್ಕಾ, ನೀನ್ಯಾಕೆ ಅಳ್ತೀಯಾ" ಎಂದ. ಹೆಂಡತಿ ಸತ್ತವನು ನನ್ನನ್ನು ಸಮಾಧಾನ ಮಾಡಿದ, ತಮ್ಮಾ!

ಬಂದವಳೇ ಚೀಟಿಯ ಕಟ್ಟುಗಳನ್ನೆಲ್ಲ ಬಾಚಿ ಬಾಯ್ಲರಿನ ಬಾಯಿಗೆ ಹಾಕಿದೆ. "ಇನ್ನೂರು ಹೆಸರು ಇತ್ತಲ್ಲಮ್ಮಾ ಅದರಲ್ಲಿ!" ಎಂದು ಹಿರಿಯರು ಬಡಕೊಂಡರು. "ಅವರೆಲ್ಲರ ಹೆಸರೂ ನನಗೆ ಗೊತ್ತು. ಅವರವರ ಕಾಯಿಲೆಯವರ ಹೆಸರೂ ಗೊತ್ತು. ನಿಮಗೆ ಒಂದಾದ್ರೂ ಗೊತ್ತಾ?" ಎಂದೆ. ಮೊನ್ನೆ ಭಾನುವಾರ ಸಮಿತಿ ಸೇರಿಸಿ ಬಚ್ಚಲುಮನೆಯ ಬೀಗದಕೈ ಕೇಳಿದರು. ಕೊಡಲಿಲ್ಲ. ಕೊಳಾಯಿಯವನು ಎದ್ದು, ಹಿರಿಯರ ಮುಂದೆಯೇ ಮೇಜನ್ನು ಎತ್ತಿಕೊಂಡು ಹೋಗಿ ಅಂಗಳದ ಮೂಲೆಗೆ ಹಾಕಿ ಬಂದ. ಇವತ್ತೂ ನೀರು ಕಾದಿದೆ, ಸಾಲು ಇದೆ. ಮೊನ್ನೆ ಆರಾಧನೆಗೆ ಎಷ್ಟು ಜನ ಬಂದಿದ್ದರೆಂದು ಕೇಳಬೇಡ, ನಾನು ಎಣಿಸಲಿಲ್ಲ.

ದರ್ಜಿಯ ಹೆಂಡತಿ ನಿನ್ನನ್ನು ಕೇಳಿದ್ದಾಳೆ. ದೇವರು ನಿನ್ನ ಮೈಯನ್ನೂ ಮನಸ್ಸನ್ನೂ ಕಾಯಲಿ, ಮನಸ್ಸನ್ನು ತುಸು ಹೆಚ್ಚಾಗಿಯೇ ಕಾಯಲಿ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಇನ್ನೊಂದು ಮಾತು. ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಸಮಿತಿಯಲ್ಲಿ ಹಿರಿಯರು ಜೇಬಿನಿಂದ ಒಂದು ಕಾಗದ ತೆಗೆದು, "ಇದು ನನ್ನ ಯೋಚನೆ ಅಲ್ಲಮ್ಮಾ, ನಿಮ್ಮ ತಮ್ಮನೇ ಬರೆದು ಕಳಿಸಿದ್ದು" ಎಂದರು. ಚೀಟಿಯಲ್ಲಿದ್ದ ಅದೇ ಸಾಲು, ಕೈಬರಹದಲ್ಲಿ. ಸ್ಲೇಟಿನ ಮೇಲೆ ಕೈಹಿಡಿದು ನಿನಗೆ ಅಕ್ಷರ ತಿದ್ದಿಸಿದವಳು ನಾನು. ಆದರೂ ಎಲ್ಲರ ಎದುರು, "ಇದು ನನ್ನ ತಮ್ಮನ ಅಕ್ಷರ ಅಲ್ಲ" ಎಂದೆ. ದೇವಾಲಯದೊಳಗೆ ನಿಂತು ಸುಳ್ಳು ಹೇಳಿದೆ. ಪತ್ರ ಬರೆದು ಸಮಜಾಯಿಷಿ ಕೊಡಬೇಡ. ಹೊರಟು ಬಾ. ಅದೇ ಜಾಗದಲ್ಲಿ ನಿಂತು, ನಿನ್ನ ಬಾಯಿಂದಲೇ ನಿಜ ಹೇಳು.