ಗುಜರಿಗೆ ಹೋಗಬೇಕಿದ್ದ ಬ್ರೇಕ್ ಶೂ ಬಸ್ಸಿಗೆ ಬಂದದ್ದು ಹೇಗೆ?

ಸಾರಿಗೆ ಸಂಸ್ಥೆಯ ಮುಖ್ಯ ಯಂತ್ರಾಧಿಕಾರಿಗಳೇ,

'ಮಾನ್ಯರೇ' ಎಂದು ಶುರುಮಾಡುವುದು ರೂಢಿ. ಈ ಸಲ ಕೈ ಬರಲಿಲ್ಲ. ಬಸ್ಸಿಗೆ ಹಾಕಲೇಬಾರದೆಂದು ನಾನು ಗುರುತು ಹೊಡೆದು ಹಿಂದಿರುಗಿಸಿದ್ದ ಬ್ರೇಕ್ ಶೂಗಳಿಗೆ ನೀವು ಕಪ್ಪು ಬಣ್ಣ ಬಳಿಸಿ ಬಸ್ಸಿಗೇ ಹಾಕಿಸಿದಿರಿ. ಬಸ್ಸು ಇಳಿಜಾರಿನಲ್ಲಿ ನಿಲ್ಲದೆ ಹೋದಾಗ ತಪ್ಪು ಚಾಲಕನದು ಎಂದು ಪತ್ರಿಕೆಯವರಿಗೆ ಹೇಳಿದಿರಿ. ಆ ಚಾಲಕ ನನ್ನ ತಂಗಿಯ ಗಂಡ.

ಓದುವವರಿಗೆ ನನ್ನ ಕಸುಬು ತಿಳಿಯಲಿ. ಬಸ್ಸು, ಲಾರಿಗಳ ಚಕ್ರದೊಳಗೆ ಕಮಾನಿನಂತೆ ಬಾಗಿದ ಕಬ್ಬಿಣದ ತುಂಡುಗಳಿರುತ್ತವೆ. ಅವೇ ಬ್ರೇಕ್ ಶೂ. ಬ್ರೇಕ್ ಒತ್ತಿದಾಗ ಉಜ್ಜಿ ಚಕ್ರವನ್ನು ನಿಲ್ಲಿಸುವ ಮೇಲಿನ ಪಟ್ಟಿ, ಅಂದರೆ ಲೈನಿಂಗ್, ಸವೆಯುತ್ತದೆ; ಕಬ್ಬಿಣ ಉಳಿಯುತ್ತದೆ. ನಮ್ಮ ಕಾರ್ಖಾನೆಯಲ್ಲಿ ಹಳೆಯ ಲೈನಿಂಗ್ ಕಿತ್ತು, ತುಕ್ಕು ಉದುರಿಸಿ, ಬಿರುಕು ಹುಡುಕಿ, ಬಾಗು ಸರಿಯಿದೆಯೇ ಎಂದು ಅಚ್ಚಿಗಿಟ್ಟು ನೋಡಿ, ಆಮೇಲೆ ಹೊಸ ಲೈನಿಂಗ್ ಕೂರಿಸಿ ರಿವೆಟ್ ಹೊಡೆಯುತ್ತೇವೆ. ಬಿರುಕು ಬಿಟ್ಟದ್ದಕ್ಕೆ ಮಾತ್ರ ಮರುಜನ್ಮವಿಲ್ಲ. ಉಳಿಯಿಂದ ಅಡ್ಡಗೆರೆ ಹೊಡೆದು ವಾಪಸ್ ಕಳಿಸುತ್ತೇವೆ.

ಕಾರ್ಖಾನೆ ನೋಡಲು ಬಂದ ದಿನ ನೀವು ಏನೆಂದಿರಿ? "ಹಾಳಾಗಿದ್ದನ್ನ ಹಾಳು ಅಂತ ಹೇಳೋಕೆ ಹಿಂಜರೀಬೇಡಿ ಅಮ್ಮಾ. ನೀವು ಬೇಡ ಅಂದಿದ್ದನ್ನ ನಾನು ಮುಂದೆ ನಿಂತು ಕತ್ತರಿಸಿ ಹಾಕಿಸ್ತೀನಿ." ಅಷ್ಟು ದೊಡ್ಡ ಅಧಿಕಾರಿಯ ಬಾಯಲ್ಲಿ ಅಂಥ ಮಾತು ಕೇಳಿ ನಾನು ಉಬ್ಬಿಹೋದೆ. "ನಿನ್ನ ಗಂಡನ ಬಸ್ಸಿನ ಚಿಂತೆ ಬಿಡೇ, ಅಲ್ಲಿ ಒಳ್ಳೆಯವರು ಕೂತಿದ್ದಾರೆ" ಎಂದು ತಂಗಿಗೆ ಹೇಳಿಬಿಟ್ಟೆ. ನಿಮ್ಮ ಪರವಾಗಿ ನಾನು ಕೊಟ್ಟ ಭರವಸೆಯದು!

ಮಾರುಕಟ್ಟೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಕೆಳಗೆ ರಸ್ತೆ ತುಂಬ ಜನ. ತಂಗಿಯ ಗಂಡ ಬಸ್ಸನ್ನು ಕಟ್ಟಡವೊಂದರ ಮುಂದೆ ಸುರಿದಿದ್ದ ಮರಳಿನ ಗುಡ್ಡೆಗೆ ನುಗ್ಗಿಸಿದ. ಪ್ರಯಾಣಿಕರೆಲ್ಲ ಉಳಿದರು, ಅವನ ಬಲಗಾಲು ಉಳಿಯಲಿಲ್ಲ. ನಾನು ಆಸ್ಪತ್ರೆಯ ವಾರ್ಡಿಗೆ ಹೋದಾಗ ಅವನು ಕೇಳಿದ್ದು ಒಂದೇ: "ಅಕ್ಕಾ, ಆ ಶೂ ನಿಮ್ಮದಾ?" ತಂಗಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಉತ್ತರ ನನಗೇ ಗೊತ್ತಿರಲಿಲ್ಲ.

ನೇರ ಡಿಪೋಗೆ ಹೋದೆ. ಅಲ್ಲಿನ ಮೇಸ್ತ್ರಿ ಚಕ್ರ ಬಿಚ್ಚಿ ತೋರಿಸಿದ. ಶೂ ಎರಡು ತುಂಡಾಗಿತ್ತು. ಕಪ್ಪು ಬಣ್ಣವನ್ನು ನಾನೇ ಕೆರೆದೆ. ಅಡಿಯಲ್ಲಿ ನನ್ನ ಅಡ್ಡಗೆರೆ.

"ಹೊಸ ಸಾಮಾನು ಬರ್ಲಿಲ್ಲ ಅಕ್ಕಾ. ಗೆರೆ ಕಾಣದ ಹಾಗೆ ಬಣ್ಣ ಬಳಿದು ಇದ್ದಿದ್ದನ್ನೇ ಹಾಕಿ, ಬಸ್ ಮಾತ್ರ ನಿಲ್ಲಬಾರ್ದು ಅಂತ ಸಾಹೇಬ್ರು ಹೇಳಿದ್ರು," ಎಂದ.

ಬಸ್ಸು ನಿಮ್ಮ ಆಜ್ಞೆಯನ್ನು ಅಕ್ಷರಶಃ ಪಾಲಿಸಿತು ಸ್ವಾಮಿ. ನಿಲ್ಲಲಿಲ್ಲ.

ಆ ತುಂಡನ್ನು ತಂದು ನಿಮ್ಮ ಮೇಜಿನ ಮೇಲಿಟ್ಟೆ. ನೀವು ತಬ್ಬಿಬ್ಬಾಗಲಿಲ್ಲ, ನಕ್ಕಿರಿ. "ಗುರುತು ನಿಮ್ಮದೇ ತಾನೇ ಅಮ್ಮಾ? ಇದು ಹೊರಗೆ ಹೋದ್ರೆ, ನಿಮ್ಮ ಕಾರ್ಖಾನೆಯಿಂದ ಬಂದ ಶೂ ಅಂತ ಜನ ಯಾರನ್ನ ಹಿಡ್ಕೋತಾರೆ? ಡ್ರೈವರ್ ತಪ್ಪು ಅಂತಾನೇ ಇರ್ಲಿ. ಇಬ್ರಿಗೂ ಒಳ್ಳೇದು." ನಮ್ಮಿಬ್ಬರಿಗೂ! ಹಾಸಿಗೆಯಲ್ಲಿರುವವನು ನನಗೇನಾಗಬೇಕೆಂದು ತಿಳಿದೂ ಆ ಮಾತು ನಿಮ್ಮ ಬಾಯಿಂದ ಬಂತಲ್ಲ? 'ಬೇಡ' ಎಂದು ನಾನು ಹೊಡೆದ ಗೆರೆಯನ್ನೇ ನನ್ನ ಕೊರಳಿಗೆ ಕಟ್ಟಲು ಹೊರಟಿರಲ್ಲ? ಜನ ನನ್ನನ್ನು ಹಿಡಿದುಕೊಳ್ಳುವುದಾದರೆ ಹಿಡಿದುಕೊಳ್ಳಲಿ ಎಂದೇ ಎಲ್ಲರೆದುರು ಬರೆಯುತ್ತಿದ್ದೇನೆ. ಆ ತುಂಡು ಈಗ ವಕೀಲರ ಕಪಾಟಿನಲ್ಲಿದೆ.

ಬಣ್ಣ ಬಳಿದ ಶೂಗಳು ಇನ್ನೆಷ್ಟು ಬಸ್ಸುಗಳಲ್ಲಿ ಓಡುತ್ತಿವೆ? ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದೊಂದು ಬಸ್ಸಿನ ಚಕ್ರವನ್ನೂ ಬಿಚ್ಚಿಸಿ ನೋಡಿಸಿ. ಅಲ್ಲಿಯವರೆಗೆ ಬಸ್ಸುಗಳು ಡಿಪೋದಲ್ಲೇ ಇರಲಿ; ಜನ ನಡೆದುಕೊಂಡು ಹೋದಾರು. ಚಾಲಕನ ಮೇಲಿನ ಆರೋಪವನ್ನು ಹಿಂತೆಗೆದುಕೊಳ್ಳಿ. ಅದನ್ನು ಆದೇಶದಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ, ವಾರ್ಡಿಗೆ ಬಂದು ಅವನ ಮುಖ ನೋಡಿ ಹೇಳಿ. ಅದು ನಾನು ಬೇಡವೆಂದು ವಾಪಸ್ ಕಳಿಸಿದ್ದ ಶೂ ಎಂದು ನಾನು ಹೇಳಿ ಆಯಿತು. "ನಿನ್ನ ಕಾರ್ಖಾನೆ ಉಳಿಸ್ಕೊಳ್ಳೋಕೆ ಕಥೆ ಕಟ್ತಿದೀಯ" ಎಂದು ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀವು ಬಂದಾಗ ಅವಳು ಅವನ ಪಕ್ಕದಲ್ಲೇ ಇರುತ್ತಾಳೆ. ನಾನು ಹೊರಗೆ, ಮೆಟ್ಟಿಲ ಹತ್ತಿರ ಕಾಯುತ್ತಿರುತ್ತೇನೆ.

ಇಂತಿ,
ಸದ್ಯಕ್ಕೆ ಯಾರಿಗೂ ಅಕ್ಕನಲ್ಲದ
ಒಬ್ಬ ಬ್ರೇಕ್ ಶೂ ಕೆಲಸದವಳು